ಬಳಸಿದ ಬಟ್ಟೆಯ ವ್ಯಾಪಾರ: ಬೇಲ್‌ಗೆ ಮುಂಗಡ ಕೊಡಬಹುದೇ?

ಪ್ರಶ್ನೆ: ಹನ್ನೊಂದು ವರ್ಷಗಳ ಕಚೇರಿ ಕೆಲಸವನ್ನು ಬಿಟ್ಟು, ಬಳಸಿದ ಬಟ್ಟೆಗಳನ್ನು ಆರಿಸಿ, ಶುಚಿ ಮಾಡಿ ಮಾರುವ ಸಣ್ಣ ವ್ಯಾಪಾರವನ್ನು ಆರಂಭಿಸಬೇಕೆಂದಿದ್ದೇನೆ. ಆರು ತಿಂಗಳ ಮನೆಖರ್ಚಿಗೆ ಸಾಲುವಷ್ಟು ಉಳಿತಾಯವಿದ್ದು, ಅದರಲ್ಲಿ ಮೂರನೇ ಒಂದು ಪಾಲನ್ನು ಇದಕ್ಕೆ ತೊಡಗಿಸಬಲ್ಲೆ. ಸಗಟು ವ್ಯಾಪಾರಿಯೊಬ್ಬರು 45 ಕಿಲೋಗ್ರಾಂ ತೂಕದ ಬೇಲ್ (ಬಿಗಿದು ಕಟ್ಟಿದ ಬಳಸಿದ ಬಟ್ಟೆಗಳ ಕಟ್ಟು) ಇದೆ, ಸುಮಾರು 200 ಬಟ್ಟೆ ಸಿಗುತ್ತದೆ, ವಾರದೊಳಗೆ ಮುಂಗಡ ಕೊಡಿ ಎನ್ನುತ್ತಿದ್ದಾರೆ. ಒಂದೊಂದು ಬಟ್ಟೆಗೆ ಬೀಳುವ ಬೆಲೆಯನ್ನು ನೋಡಿದರೆ ನಷ್ಟಕ್ಕೆ ಅವಕಾಶವೇ ಕಾಣುವುದಿಲ್ಲ. ಆದರೆ ಕಂಡವರು ಉಟ್ಟ ಬಟ್ಟೆಯಿಂದ ಕಾಯಿಲೆ ಹರಡುತ್ತದೆಂದು ಮನೆಯವರು ಹೆದರುತ್ತಿದ್ದಾರೆ. ಬ್ರ್ಯಾಂಡ್ ಹೆಸರಿರುವ ಬಟ್ಟೆಯನ್ನು ಮರುಮಾರಾಟ ಮಾಡಿದರೆ ಕಾನೂನಿನ ತೊಡಕಾಗುತ್ತದೆಯೇ? ಅಂಗಡಿಯನ್ನು ಬಾಡಿಗೆಗೆ ಹಿಡಿಯಬೇಕೇ ಅಥವಾ ಆನ್‌ಲೈನ್ ಮಾರಾಟ ಸಾಕೇ?

ಉತ್ತರ: ನೀವು ಕೇಳಿರುವ ಪ್ರಶ್ನೆಗಳು ನಾಲ್ಕು. ಆದರೆ ಅವೆಲ್ಲದರ ಹಿಂದೆ ಇರುವ ಆತಂಕ ಒಂದೇ: ಕೈಯಲ್ಲಿರುವ ಉಳಿತಾಯ ಕರಗುವ ಮೊದಲು ಇದು ವ್ಯಾಪಾರವಾಗಿ ನಿಲ್ಲುತ್ತದೆಯೇ ಎಂಬುದು. ನಾನು ಹಲವು ವರ್ಷ ಬಳಸಿದ ಬಟ್ಟೆಯ ಅಂಗಡಿಯನ್ನು ನಡೆಸಿ, ಈಗ ಇಂತಹ ಸಣ್ಣ ವ್ಯಾಪಾರಗಳ ಲೆಕ್ಕವನ್ನು ನೋಡಿಕೊಡುತ್ತಿದ್ದೇನೆ. ಈ ಕಸುಬಿನಲ್ಲಿ ಕೈಸುಟ್ಟುಕೊಂಡವರಲ್ಲಿ ಹೆಚ್ಚಿನವರು ಬಟ್ಟೆಯನ್ನು ದುಬಾರಿಗೆ ಕೊಂಡು ಸೋತವರಲ್ಲ. ಅಗ್ಗಕ್ಕೆ ಕೊಂಡ ಬಟ್ಟೆಗೆ ತಮ್ಮ ಸಮಯವನ್ನು ಲೆಕ್ಕವಿಲ್ಲದೆ ಸುರಿದವರು. ಆದ್ದರಿಂದ ನೀವು ಕೇಳದೆ ಬಿಟ್ಟ ಆ ಲೆಕ್ಕವನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

200 ಬಟ್ಟೆಗಳ ಬೇಲ್ ನಿಮ್ಮ ಮನೆಗೆ ಬಂತು ಎಂದಿಟ್ಟುಕೊಳ್ಳಿ. ವಾದಕ್ಕಾಗಿ, ಅದರಲ್ಲಿ 60 ಒಳ್ಳೆಯ ಬೆಲೆಗೆ ಹೋಗುವಂಥವು, 80 ಬಂದಷ್ಟಕ್ಕೆ ಗುಡ್ಡೆಯಲ್ಲಿ ಮಾರಬೇಕಾದವು, ಉಳಿದ 60 ಕಲೆ, ಹರಿದ ಹೊಲಿಗೆ, ಹಿಗ್ಗಿದ ಕಾಲರ್ ಮೊದಲಾದ ಕಾರಣಗಳಿಂದ ಯಾರಿಗೂ ಬೇಡವಾದವು ಎಂದು ಭಾವಿಸೋಣ. ಒಂದು ಬಟ್ಟೆಗೆ ಬಿದ್ದ ಬೆಲೆ ಒಂದು ಪಾಲಾದರೆ ನೀವು ಕೊಟ್ಟದ್ದು 200 ಪಾಲು, ಮತ್ತು ಆ ಭಾರವನ್ನು ಮುಖ್ಯವಾಗಿ ಹೊರಬೇಕಾದವು ಆ 60 ಬಟ್ಟೆಗಳು. ಗುಡ್ಡೆಯಿಂದ ಬರುವುದು ಸಾಗಣೆಗೂ ಕಸ ವಿಲೇವಾರಿಗೂ ಸರಿಹೋಗುತ್ತದೆ ಎಂದುಕೊಂಡರೆ, ಒಂದು ಬಟ್ಟೆಯ ನಿಜವಾದ ಅಸಲು ಮೂರು ಪಾಲಿಗಿಂತ ಹೆಚ್ಚು. ವ್ಯಾಪಾರಿ ನಿಮಗೆ ಹೇಳಿದ ಬೆಲೆಯ ಮೂರು ಪಟ್ಟು ಎಂದರ್ಥ.

ಇನ್ನು ಸಮಯ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಲು ಮೂರು ನಿಮಿಷವೆಂದರೂ 200 ಬಟ್ಟೆಗೆ 10 ಗಂಟೆ. ಆಯ್ದ 60ನ್ನು ಒಗೆಯುವುದು, ಗುಂಡಿ ಹೊಲಿಯುವುದು, ಇಸ್ತ್ರಿ ಮಾಡುವುದು, ಅಳತೆ ತೆಗೆಯುವುದು, ಚಿತ್ರ ತೆಗೆದು ವಿವರ ಬರೆಯುವುದು ಇವೆಲ್ಲಕ್ಕೂ ಸೇರಿ ತಲಾ 20 ನಿಮಿಷವೆಂದರೆ 20 ಗಂಟೆ. ಗಿರಾಕಿಗಳ ಪ್ರಶ್ನೆಗೆ ಉತ್ತರಿಸಿ, ಪೊಟ್ಟಣ ಕಟ್ಟಿ ಕಳುಹಿಸಲು ತಲಾ 10 ನಿಮಿಷವೆಂದರೆ ಮತ್ತೆ 10 ಗಂಟೆ. ಒಟ್ಟು 40 ಗಂಟೆ, ಅಂದರೆ ಮಾರಾಟವಾಗುವ ಒಂದೊಂದು ಬಟ್ಟೆಯ ಹಿಂದೆ ನಿಮ್ಮ 40 ನಿಮಿಷ. ನೀವು ಬಿಟ್ಟುಬಂದ ಕೆಲಸದಲ್ಲಿ 40 ನಿಮಿಷಕ್ಕೆ ಎಷ್ಟು ಸಿಗುತ್ತಿತ್ತು ಎಂಬುದನ್ನು ಕಾಗದದ ಮೇಲೆ ಬರೆದು, ಆ ಮೂರು ಪಾಲಿನ ಪಕ್ಕದಲ್ಲಿಡಿ. ಹೆಚ್ಚಿನ ಸಂದರ್ಭಗಳಲ್ಲಿ ಬಟ್ಟೆಯ ಬೆಲೆಗಿಂತ ಈ ಎರಡನೆಯ ಅಂಕಿಯೇ ದೊಡ್ಡದಾಗಿರುತ್ತದೆ. ನಷ್ಟಕ್ಕೆ ಅವಕಾಶವೇ ಇಲ್ಲವೆಂದು ನಿಮಗೆ ಕಂಡದ್ದು ಈ ಅಂಕಿ ಯಾವ ರಸೀದಿಯಲ್ಲೂ ಬರೆದಿರುವುದಿಲ್ಲವಾದ್ದರಿಂದ.

ಬೇಲ್ ಎಂಬುದೇ ಒಂದು ವಿಚಿತ್ರ ವಸ್ತು. ಪೂರ್ವ ಆಫ್ರಿಕಾದಲ್ಲಿ ಬಳಸಿದ ಬಟ್ಟೆಗೆ ಇರುವ ಹೆಸರೇ ‘ಮಿತುಂಬಾ’. ಸ್ವಾಹಿಲಿಯಲ್ಲಿ ಅದರ ಅರ್ಥ ಕಟ್ಟುಗಳು, ಗಂಟುಗಳು ಎಂದು. ಘಾನಾದ ರಾಜಧಾನಿ ಅಕ್ರಾದಲ್ಲಿರುವ ಕಾಂಟಮಾಂಟೊ ಮಾರುಕಟ್ಟೆ ಈ ವ್ಯಾಪಾರದ ಅತಿ ದೊಡ್ಡ ಕೇಂದ್ರಗಳಲ್ಲೊಂದು. ಅಲ್ಲಿ ತಲೆಮಾರುಗಳಿಂದ ಇದೇ ಕಸುಬಿನಲ್ಲಿರುವವರೂ ಕಟ್ಟಿಗೆ ಪೂರ್ತಿ ಹಣ ಕೊಟ್ಟ ಮೇಲೆಯೇ ಒಳಗೇನಿದೆ ಎಂದು ನೋಡುತ್ತಾರೆ. ಎಷ್ಟೋ ಮಂದಿ ಅದಕ್ಕೆಂದು ಸಾಲವನ್ನೂ ಮಾಡಿರುತ್ತಾರೆ. ಒಂದು ಕಟ್ಟು ಕೈಕೊಟ್ಟರೆ ಮುಂದಿನದರಲ್ಲಿ ತುಂಬಿಕೊಳ್ಳುವ ಅವಕಾಶ ಅವರಿಗಿದೆ, ಏಕೆಂದರೆ ಅವರು ಕೊಳ್ಳುವುದು ಒಂದು ಬೇಲ್ ಅಲ್ಲ, ವರ್ಷವಿಡೀ ಬೇಲ್ ಮೇಲೆ ಬೇಲ್. ನಿಮ್ಮ ಉಳಿತಾಯದಲ್ಲಿ ಬರುವುದು ಒಂದು ಅಥವಾ ಎರಡು. ಸರಾಸರಿಯ ರಕ್ಷಣೆ ನೂರು ಸಲ ಆಡುವವನಿಗೆ ಮಾತ್ರ ಸಿಗುತ್ತದೆ, ಒಂದೇ ಸಲ ಆಡುವವನಿಗಲ್ಲ.

ಬೇಲ್‌ನ ಮೇಲೆ ಬರೆದಿರುವ ಎ, ಬಿ, ‘ಕ್ರೀಮ್’ ಮುಂತಾದ ಗ್ರೇಡ್‌ಗಳನ್ನು ನಂಬಬಹುದೇ ಎಂದು ಹಲವರು ಕೇಳುತ್ತಾರೆ. ಅವು ವಿಂಗಡಣೆ ಮಾಡಿದವರ ಸ್ವಂತ ಗುರುತುಗಳು. ಎಲ್ಲರೂ ಒಪ್ಪಿದ ಅಳತೆಗೋಲು ಯಾವುದೂ ಇಲ್ಲ. ಒಬ್ಬರ ಎ ಇನ್ನೊಬ್ಬರ ಬಿ ಆಗಿರುವುದು ಸಾಮಾನ್ಯ. ಇದಲ್ಲದೆ, ಒಳ್ಳೆಯ ಬಟ್ಟೆ ನಿಮ್ಮವರೆಗೆ ಬರುವ ಮೊದಲು ಹಲವು ಕೈ ದಾಟಿರುತ್ತದೆ: ದಾನ ಪಡೆದ ಸಂಸ್ಥೆ ತನ್ನ ಅಂಗಡಿಗೆ ಆರಿಸಿಕೊಂಡಿರುತ್ತದೆ, ವಿಂಗಡಣಾ ಘಟಕ ಹಳೆಯ ಕಾಲದ ಅಪರೂಪದ ಉಡುಪುಗಳನ್ನು ಬೇರೆ ಮಾಡಿರುತ್ತದೆ, ಕೆಲವೊಮ್ಮೆ ಸಗಟು ವ್ಯಾಪಾರಿಯೂ ಕಟ್ಟನ್ನು ಬಿಚ್ಚಿ ಮತ್ತೆ ಕಟ್ಟಿರುತ್ತಾನೆ. ಉಳಿದದ್ದು ಕೆಟ್ಟದ್ದೇ ಆಗಿರಬೇಕೆಂದಿಲ್ಲ, ಆದರೆ ‘ಕಟ್ಟಿನಲ್ಲಿ ನಿಧಿ ಸಿಗುತ್ತದೆ’ ಎಂಬ ಮಾತನ್ನು ಆ ಕಟ್ಟನ್ನು ಮಾರುವವರ ಬಾಯಲ್ಲಿ ಕೇಳಿದಾಗ ಸ್ವಲ್ಪ ಯೋಚಿಸಬೇಕು.

ಬೇಲ್ ವಿದೇಶದಿಂದ ಬಂದದ್ದಾದರೆ ಇನ್ನೊಂದು ಎಚ್ಚರಿಕೆ ಬೇಕು. ಅಂತರರಾಷ್ಟ್ರೀಯ ಸುಂಕ ವರ್ಗೀಕರಣದಲ್ಲಿ ಬಳಸಿದ ಉಡುಪುಗಳಿಗೆ 6309 ಎಂಬ ಪ್ರತ್ಯೇಕ ಶೀರ್ಷಿಕೆಯೂ, ಚಿಂದಿಗೆ 6310 ಎಂಬ ಶೀರ್ಷಿಕೆಯೂ ಇವೆ, ಮತ್ತು ದೇಶಗಳು ಇವನ್ನು ಬಹಳ ಬೇರೆ ಬೇರೆಯಾಗಿ ನಡೆಸಿಕೊಳ್ಳುತ್ತವೆ. ಫಿಲಿಪ್ಪೀನ್ಸ್ 1966ರಿಂದಲೇ ಬಳಸಿದ ಬಟ್ಟೆಯ ಆಮದನ್ನು ನಿಷೇಧಿಸಿದೆ. ರುವಾಂಡ 2016ರಲ್ಲಿ ಇದರ ಮೇಲಿನ ಸುಂಕವನ್ನು ಹಲವು ಪಟ್ಟು ಏರಿಸಿತು. ಇನ್ನು ಕೆಲವೆಡೆ ಪರವಾನಗಿಯೊಂದಿಗೆ ಮಾತ್ರ ತರಬಹುದು. ನೀವಿರುವಲ್ಲಿ ನಿಯಮವೇನು ಎಂಬುದನ್ನು ಸುಂಕ ಇಲಾಖೆಯ ಪ್ರಕಟಣೆಯಲ್ಲಿ ನೋಡಿಕೊಳ್ಳಿ, ಮಾರುವವರಿಂದ ಆಮದಿನ ದಾಖಲೆಯ ಪ್ರತಿಯನ್ನು ಕೇಳಿ. ದಾಖಲೆ ಇಲ್ಲದ ಸರಕು ಮುಟ್ಟುಗೋಲಾದರೆ ಹೋಗುವುದು ನಿಮ್ಮ ಹಣ.

ಈಗ ಮನೆಯವರ ಭಯಕ್ಕೆ ಬರುತ್ತೇನೆ. ಅದರಲ್ಲಿ ಒಂದಿಷ್ಟು ನಿಜವಿದೆ, ಬಹುಪಾಲು ಉತ್ಪ್ರೇಕ್ಷೆ. ಕಜ್ಜಿಯನ್ನುಂಟುಮಾಡುವ ನುಸಿ ಮನುಷ್ಯರ ಚರ್ಮದಿಂದ ಬೇರ್ಪಟ್ಟ ಮೇಲೆ ಸಾಮಾನ್ಯವಾಗಿ ಎರಡು ಮೂರು ದಿನಗಳಿಗಿಂತ ಹೆಚ್ಚು ಬದುಕುವುದಿಲ್ಲ; ಬಟ್ಟೆಯ ಹೊಲಿಗೆಗಳಲ್ಲಿ ಅಡಗುವ ಮೈಹೇನು ಆಹಾರ ಸಿಗದೆ ಒಂದು ವಾರದೊಳಗೆ ಸಾಯುತ್ತದೆ. ವಾರಗಟ್ಟಲೆ ಕಟ್ಟಿನಲ್ಲೇ ಇದ್ದ ಬಟ್ಟೆಯಲ್ಲಿ ಇವು ಜೀವಂತವಾಗಿರುವ ಸಂಭವ ಬಹಳ ಕಡಿಮೆ, ಬಿಸಿನೀರಿನಲ್ಲಿ ಒಗೆದ ಮೇಲಂತೂ ಉಳಿಯುವುದೇ ಇಲ್ಲ. ನಿಜವಾಗಿ ಹೆದರಬೇಕಾದದ್ದು ತಿಗಣೆಗೆ, ಏಕೆಂದರೆ ಅದು ತಿಂಗಳುಗಟ್ಟಲೆ ಆಹಾರವಿಲ್ಲದೆ ಬದುಕುತ್ತದೆ, ಮತ್ತು ಒಮ್ಮೆ ಮನೆಯೊಳಗೆ ಸೇರಿದರೆ ಅದನ್ನು ಹೊರಹಾಕುವ ಖರ್ಚು ನಿಮ್ಮ ಮೊದಲ ವರ್ಷದ ಲಾಭವನ್ನು ನುಂಗಬಲ್ಲದು. 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಗೆದರೆ, ಅಥವಾ ಒಣಗಿಸುವ ಯಂತ್ರದ ಅತಿ ಹೆಚ್ಚು ಶಾಖದಲ್ಲಿ ಅರ್ಧ ಗಂಟೆ ಇಟ್ಟರೆ, ತಿಗಣೆಯೂ ಅದರ ಮೊಟ್ಟೆಯೂ ಸಾಯುತ್ತವೆ. ಅಷ್ಟು ಶಾಖವನ್ನು ತಾಳದ ಬಟ್ಟೆಯನ್ನು ಚೀಲದಲ್ಲಿ ಮುಚ್ಚಿ, −18 ಡಿಗ್ರಿಯ ಫ್ರೀಜರ್‌ನಲ್ಲಿ ಕನಿಷ್ಠ ನಾಲ್ಕು ದಿನ ಇಡಬೇಕು.

ಉಣ್ಣೆ ಮತ್ತು ರೇಷ್ಮೆಯ ಶತ್ರು ಬೇರೆ. ಬಟ್ಟೆ ಪತಂಗದ ಮರಿಹುಳುಗಳು ಪ್ರಾಣಿಜನ್ಯ ನಾರನ್ನು ತಿನ್ನುತ್ತವೆ, ಶುದ್ಧ ಹತ್ತಿಯನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಇವಕ್ಕೆ ಅದೇ ಫ್ರೀಜರ್ ಸಾಕು, ಆದರೆ ಎರಡು ವಾರ ಬೇಕು. ಹೊಸದಾಗಿ ಬಂದ ಸರಕನ್ನು ನಿಮ್ಮ ಮಲಗುವ ಕೋಣೆಯಿಂದಲೂ, ಶುಚಿಯಾದ ದಾಸ್ತಾನಿನಿಂದಲೂ ದೂರದಲ್ಲಿ, ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿಡುವುದು ಇಲ್ಲಿನ ಮೊದಲ ಶಿಸ್ತು. ಇದೊಂದನ್ನು ಪಾಲಿಸಿದರೆ ಮನೆಯವರ ಅರ್ಧ ಭಯಕ್ಕೆ ಉತ್ತರ ಸಿಕ್ಕಂತಾಗುತ್ತದೆ. ಒಳ ಉಡುಪುಗಳನ್ನು ಮಾತ್ರ ಎಷ್ಟೇ ಶುಚಿಯಾಗಿದ್ದರೂ ತೆಗೆದುಕೊಳ್ಳಬೇಡಿ. ಬಹಳಷ್ಟು ಆನ್‌ಲೈನ್ ತಾಣಗಳು ಉಟ್ಟ ಒಳ ಉಡುಪನ್ನು ಮಾರಲು ಬಿಡುವುದೂ ಇಲ್ಲ.

ನನ್ನ ಅನುಭವದಲ್ಲಿ ಗಿರಾಕಿಯನ್ನು ಹಿಂದಕ್ಕೆ ಕಳುಹಿಸಿದ್ದು ಕಾಯಿಲೆಯ ಭಯಕ್ಕಿಂತ ಹೆಚ್ಚಾಗಿ ವಾಸನೆ. ಅದರಲ್ಲೂ ಪಾಲಿಯೆಸ್ಟರ್. ಈ ನಾರು ನೀರನ್ನು ಹೀರದೆ ಎಣ್ಣೆಯಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೆವರಿನ ಜಿಡ್ಡು ಅದರಲ್ಲಿ ಕೂತು, ಒಗೆದಾಗ ಹೋದಂತೆ ಕಂಡ ಕಮಟು ಮೈಶಾಖ ತಗುಲಿದ ಕೂಡಲೇ ಮತ್ತೆ ಏಳುತ್ತದೆ. ಆದ್ದರಿಂದ ಕೊಳ್ಳುವಾಗಲೇ ಕಂಕುಳಿನ ಭಾಗವನ್ನು ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿ ಮೂಸಿ ನೋಡಬೇಕು. ನೋಡುವವರಿಗೆ ಇದು ನಗೆಪಾಟಲಾಗಿ ಕಾಣಬಹುದು, ಆದರೆ ನನಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಸಿಕ್ಕಿಲ್ಲ. ಕಂಕುಳಿನ ಹಳದಿ ಕಲೆಗೆ ಬೆವರು ತಡೆಯುವ ಲೇಪನಗಳಲ್ಲಿರುವ ಅಲ್ಯೂಮಿನಿಯಂ ಲವಣವೂ ಕಾರಣ. ಅದಕ್ಕೆ ಕ್ಲೋರಿನ್ ಬ್ಲೀಚ್ ಹಾಕಿದರೆ ಹಳದಿ ಇನ್ನಷ್ಟು ಗಾಢವಾಗುತ್ತದೆ. ಹತ್ತಿ ಬಟ್ಟೆಯಾದರೆ ಸೋಡಿಯಂ ಪರ್ಕಾರ್ಬೊನೇಟ್ ಇರುವ ಆಮ್ಲಜನಕದ ಬ್ಲೀಚ್ ಒಳ್ಳೆಯದು, ಉಣ್ಣೆ ಮತ್ತು ರೇಷ್ಮೆಗೆ ಅದೂ ಸಲ್ಲದು. ರಕ್ತ, ಹಾಲು, ಮೊಟ್ಟೆಯಂತಹ ಕಲೆಗಳಿಗೆ ತಣ್ಣೀರೇ ಸರಿ. ಬಿಸಿನೀರು ಅವುಗಳಲ್ಲಿನ ಪ್ರೋಟೀನನ್ನು ನಾರಿಗೆ ಬೇಯಿಸಿ ಅಂಟಿಸಿಬಿಡುತ್ತದೆ. ಕಲೆ ಬೇಗ ಹೋಗಲೆಂದು ಕ್ಲೋರಿನ್ ಬ್ಲೀಚ್‌ಗೆ ವಿನೆಗರ್ ಬೆರೆಸುವವರನ್ನು ನೋಡಿದ್ದೇನೆ. ಅದರಿಂದ ವಿಷಾನಿಲ ಏಳುತ್ತದೆ. ಅದನ್ನು ಎಂದೂ ಮಾಡಬೇಡಿ.

ನಾನು ಮಾಡಿದ ಒಂದು ತಪ್ಪನ್ನೂ ಇಲ್ಲಿ ಹೇಳಬೇಕು. ಒಂದು ಚಳಿಗಾಲಕ್ಕೆ ಮುಂಚೆ ಕೃತಕ ಚರ್ಮದ ಜಾಕೆಟ್‌ಗಳು ಒಟ್ಟಿಗೆ ಸಿಕ್ಕವು. ಒಂದೂ ಉಟ್ಟಂತಿರಲಿಲ್ಲ, ಕೆಲವಕ್ಕೆ ಮೂಲ ಚೀಟಿಯೂ ಇತ್ತು. ಸಂತೋಷದಿಂದ ಎಲ್ಲವನ್ನೂ ಕೊಂಡು ತೂಗುಹಾಕಿದೆ. ಮೂರು ತಿಂಗಳೊಳಗೆ ಅರ್ಧಕ್ಕಿಂತ ಹೆಚ್ಚಿನವುಗಳ ಕಾಲರ್ ಮತ್ತು ಮೊಣಕೈ ಹೊಟ್ಟೆದ್ದು ಉದುರತೊಡಗಿದವು. ಮಾರಿದ್ದವೂ ಒಂದೊಂದಾಗಿ ಹಿಂತಿರುಗಿದವು. ಕಾರಣ ನನಗೆ ತಿಳಿದದ್ದು ಆಮೇಲೆ. ಇಂತಹ ಲೇಪನಗಳಲ್ಲಿರುವ ಪಾಲಿಯುರಿಥೇನ್ ಗಾಳಿಯ ತೇವದಿಂದಲೇ ನಿಧಾನವಾಗಿ ಒಡೆಯುತ್ತದೆ, ಉಟ್ಟರೂ ಒಡೆಯುತ್ತದೆ, ಪೆಟ್ಟಿಗೆಯಲ್ಲಿಟ್ಟರೂ ಒಡೆಯುತ್ತದೆ. ಹಳೆಯ ಶೂಗಳ ಅಟ್ಟೆ ನೋಡನೋಡುತ್ತ ಪುಡಿಯಾಗುವುದೂ ಇದರಿಂದಲೇ. ಬಳಸಿದ ಬಟ್ಟೆಯ ವಿಷಯದಲ್ಲಿ ‘ಉಟ್ಟೇ ಇಲ್ಲ’ ಎಂಬುದು ವಯಸ್ಸನ್ನು ಮುಚ್ಚಿಡುವ ಮಾತೂ ಆಗಬಹುದು. ಎಲಾಸ್ಟಿಕ್ ಸೊಂಟಪಟ್ಟಿ, ಹಿಗ್ಗುವ ಜೀನ್ಸ್, ಈಜುಡುಪು ಇವನ್ನೆಲ್ಲ ಒಮ್ಮೆ ಜಗ್ಗಿ ಬಿಟ್ಟು ನೋಡಿ. ಕರಕರ ಸದ್ದು ಬಂದರೆ ಅಥವಾ ಹಿಂದಿನ ಆಕಾರಕ್ಕೆ ಮರಳದಿದ್ದರೆ ಅದರ ಆಯುಸ್ಸು ಮುಗಿದಿದೆ.

ಬ್ರ್ಯಾಂಡ್‌ಗಳ ವಿಷಯ ನೀವು ಭಾವಿಸಿದಷ್ಟು ಜಟಿಲವಲ್ಲ. ಅಸಲಿ ಬಟ್ಟೆಯನ್ನು ಆ ಕಂಪನಿಯೇ ನಿಮ್ಮ ಮಾರುಕಟ್ಟೆಯಲ್ಲಿ ಒಮ್ಮೆ ಮಾರಿದ ಮೇಲೆ, ಅದನ್ನು ಕೊಂಡವರು ಮರಳಿ ಮಾರುವುದನ್ನು ತಡೆಯುವ ಹಕ್ಕು ಸಾಮಾನ್ಯವಾಗಿ ಆ ಕಂಪನಿಗೆ ಉಳಿಯುವುದಿಲ್ಲ. ಬೇರೆ ದೇಶದಲ್ಲಿ ಮೊದಲು ಮಾರಾಟವಾದ ಸರಕಿಗೆ ಈ ನಿಯಮ ಕೆಲವೆಡೆ ಅನ್ವಯಿಸುವುದಿಲ್ಲ ಎಂಬುದನ್ನು ನೆನಪಿಡಿ. ಅಪಾಯವಿರುವುದು ಬೇರೆ ಎರಡು ಕಡೆ. ಮೊದಲನೆಯದು ನಕಲಿ: ನನಗೆ ತಿಳಿದಿರಲಿಲ್ಲ ಎಂಬ ಮಾತು ಸರಕನ್ನು ಮುಟ್ಟುಗೋಲಿನಿಂದ ಉಳಿಸುವುದಿಲ್ಲ. ಹೊಲಿಗೆಯ ಸಮತೆ, ಜಿಪ್‌ನ ಗುಣ, ಒಳಗಿನ ಆರೈಕೆ ಚೀಟಿಯ ಅಚ್ಚು ಇವನ್ನು ಗುರುತಿಸಲು ಕಣ್ಣು ಪಳಗುವವರೆಗೆ ದುಬಾರಿ ಹೆಸರುಗಳಿಂದ ದೂರವಿರುವುದೇ ಕ್ಷೇಮ. ಎರಡನೆಯದು ನಿಮ್ಮ ಅಂಗಡಿಯ ಹೆಸರಿನಲ್ಲೋ ಫಲಕದಲ್ಲೋ ಬೇರೆಯವರ ಲಾಂಛನವನ್ನು ಬಳಸಿ, ಆ ಕಂಪನಿಯ ಅಧಿಕೃತ ಮಾರಾಟಗಾರರೆಂಬ ಭಾವನೆ ಹುಟ್ಟಿಸುವುದು. ಮಕ್ಕಳ ಬಟ್ಟೆಯಲ್ಲಿ ಬ್ರ್ಯಾಂಡ್‌ಗಿಂತ ದೊಡ್ಡ ಹೊಣೆಯಿದೆ: ಟೋಪಿ ಮತ್ತು ಕುತ್ತಿಗೆಯ ಬಳಿಯ ಎಳೆದಾರಗಳು ಆಟದ ಸಲಕರಣೆಗೆ ಸಿಕ್ಕಿ ಉಸಿರುಗಟ್ಟಿಸಬಲ್ಲವು, ಸಡಿಲವಾದ ಗುಂಡಿ ಗಂಟಲಿಗೆ ಸಿಕ್ಕಬಲ್ಲದು. ದಾರವನ್ನು ತೆಗೆದುಹಾಕಿ, ಗುಂಡಿಯನ್ನು ಜಗ್ಗಿ ನೋಡಿ, ಅನುಮಾನ ಬಂದರೆ ಮಾರಬೇಡಿ.

ಹಾಗಾದರೆ ಸರಕು ಎಲ್ಲಿಂದ ಬರಬೇಕು? ಬೇಲ್ ಬಿಟ್ಟರೆ ನಿಮಗೆ ಮೂರು ದಾರಿಗಳಿವೆ. ಮನೆಗಳಿಂದ ನೇರವಾಗಿ ಕೊಳ್ಳುವುದರಲ್ಲಿ ಬಟ್ಟೆಗೆ ಬೇಲ್‌ಗಿಂತ ಹೆಚ್ಚು ಬೆಲೆ ಕೊಡಬೇಕಾಗುತ್ತದೆ, ಆದರೆ ನೀವು ಕೊಳ್ಳುವ ಪ್ರತಿಯೊಂದನ್ನೂ ನಿಮ್ಮ ಕಣ್ಣಿನಿಂದ ನೋಡಿರುತ್ತೀರಿ, ಬೇಡದ್ದನ್ನು ಬೇಡವೆನ್ನಬಹುದು. ನನ್ನ ಒಲವು ಇದರ ಕಡೆಗೇ. ದಾನದ ಅಂಗಡಿಗಳಲ್ಲಿ ಆಯ್ದು ಕೊಳ್ಳುವುದು ಕಣ್ಣನ್ನು ಪಳಗಿಸುವ ಅತ್ಯುತ್ತಮ ಶಾಲೆ, ಆದರೆ ಅಲ್ಲಿ ಅಲೆಯುವ ಗಂಟೆಗಳನ್ನೂ ಲೆಕ್ಕಕ್ಕೆ ಸೇರಿಸಿದಾಗ ಅದು ವ್ಯಾಪಾರವಾಗಿ ಉಳಿಯುವುದು ಅಪರೂಪ. ಮೂರನೆಯದು ಕನ್ಸೈನ್‌ಮೆಂಟ್: ಬಟ್ಟೆ ಅದನ್ನು ಮಾರಲು ತಂದುಕೊಟ್ಟವರದೇ ಆಗಿರುತ್ತದೆ, ಮಾರಾಟವಾದ ಮೇಲೆ ಒಪ್ಪಿದ ಪಾಲನ್ನು ಅವರಿಗೆ ಕೊಡುತ್ತೀರಿ. ಬಂಡವಾಳ ಕಟ್ಟಿಬೀಳುವುದಿಲ್ಲವೆಂಬುದು ಇದರ ದೊಡ್ಡ ಗುಣ. ಹತ್ತಾರು ಜನರ ಲೆಕ್ಕ, ‘ನನ್ನ ಸೀರೆ ಏಕೆ ಇನ್ನೂ ಮಾರಾಟವಾಗಿಲ್ಲ’ ಎಂಬ ಕರೆಗಳು, ಕಳೆದುಹೋದರೆ ಯಾರು ಹೊಣೆ ಎಂಬ ವಾಗ್ವಾದ ಇವು ಅದರ ಬೆಲೆ. ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಬೆಲೆ ಯಾವಾಗ ಇಳಿಸುತ್ತೀರಿ, ಉಳಿದದ್ದನ್ನು ಯಾವ ದಿನಾಂಕದೊಳಗೆ ಒಯ್ಯಬೇಕು ಎಂಬ ಮೂರನ್ನು ಬರೆದು ಸಹಿ ಪಡೆಯದೆ ಒಂದು ಬಟ್ಟೆಯನ್ನೂ ತೆಗೆದುಕೊಳ್ಳಬೇಡಿ.

ಅಂಗಡಿಯ ಬಗ್ಗೆ: ಈಗ ಬೇಡ. ಬಾಡಿಗೆ ಪ್ರತಿ ತಿಂಗಳು ತಪ್ಪದೆ ಬರುತ್ತದೆ, ಗಿರಾಕಿ ಹಾಗೆ ಬರುವುದಿಲ್ಲ. ಆನ್‌ಲೈನ್ ಮಾರಾಟದಲ್ಲಿ ಬಾಡಿಗೆ ಇಲ್ಲದಿದ್ದರೂ ಅದರ ಜಾಗದಲ್ಲಿ ತಾಣದ ಶುಲ್ಕ, ಸಾಗಣೆ ಮತ್ತು ಹಿಂತಿರುಗಿ ಬರುವ ಬಟ್ಟೆಗಳಿವೆ. ಬಟ್ಟೆ ಹಿಂತಿರುಗಲು ನಾನು ಕಂಡ ದೊಡ್ಡ ಕಾರಣ ಅಳತೆ. ಚೀಟಿಯಲ್ಲಿರುವ ಸಂಖ್ಯೆ ಒಂದೊಂದು ಕಂಪನಿಗೆ, ಒಂದೊಂದು ದಶಕಕ್ಕೆ ಬೇರೆ ಬೇರೆ. ಹಿಂದಿನವರು ಒಗೆದು ಕುಗ್ಗಿಸಿರಲೂಬಹುದು. ಆದ್ದರಿಂದ ಬಟ್ಟೆಯನ್ನು ಸಮತಟ್ಟಾಗಿ ಹಾಸಿ, ಕಂಕುಳಿನಿಂದ ಕಂಕುಳಿಗೆ, ಭುಜದಿಂದ ಅಂಚಿಗೆ, ಸೊಂಟ, ಒಳಗಾಲಿನ ಉದ್ದ ಇವನ್ನು ಸೆಂಟಿಮೀಟರಿನಲ್ಲಿ ಬರೆಯಿರಿ, ದೋಷವಿದ್ದರೆ ಅದರದೇ ಹತ್ತಿರದ ಚಿತ್ರ ಹಾಕಿ. ದೋಷವನ್ನು ತೋರಿಸಿದರೆ ಮಾರಾಟ ನಿಲ್ಲುತ್ತದೆಂಬ ಭಯ ಹೊಸಬರಿಗಿರುತ್ತದೆ. ನಾನು ಕಂಡದ್ದು ಅದಕ್ಕೆ ವಿರುದ್ಧ. ತೋಳಿನ ತುದಿಯ ಸಣ್ಣ ಚುಕ್ಕೆಯನ್ನು ತೋರಿಸಿದವನ ಉಳಿದ ಮಾತನ್ನೂ ಗಿರಾಕಿ ನಂಬುತ್ತಾನೆ. ವಾರಾಂತ್ಯದ ಸಂತೆಯಲ್ಲಿ ಒಂದು ದಿನದ ಜಾಗ ಸಿಗುವುದಾದರೆ ಅದನ್ನು ಬಿಡಬೇಡಿ. ಗಿರಾಕಿ ಯಾವುದನ್ನು ಮುಟ್ಟುತ್ತಾನೆ, ಯಾವುದನ್ನು ಮೈಮೇಲೆ ಹಿಡಿದು ನೋಡಿ ಮರಳಿ ಇಡುತ್ತಾನೆ ಎಂಬುದು ಪರದೆಯ ಮೇಲೆ ಕಾಣುವುದಿಲ್ಲ.

ತೆರಿಗೆಯ ಮಟ್ಟಿಗೆ ಒಂದೇ ಮಾತು. ಬಳಸಿದ ವಸ್ತುಗಳಿಗೆ ಪೂರ್ತಿ ಮಾರಾಟ ಬೆಲೆಯ ಮೇಲಲ್ಲದೆ ಕೊಂಡ ಮತ್ತು ಮಾರಿದ ಬೆಲೆಗಳ ಅಂತರದ ಮೇಲೆ ಮಾತ್ರ ತೆರಿಗೆ ಹಾಕುವ ಪದ್ಧತಿ ಹಲವು ದೇಶಗಳಲ್ಲಿದೆ, ಆದರೆ ಅದನ್ನು ಪಡೆಯಲು ಕೊಂಡ ಬೆಲೆಯ ದಾಖಲೆ ಬೇಕು. ಮನೆಯಿಂದ ನಗದು ಕೊಟ್ಟು ಕೊಂಡರೂ ದಿನಾಂಕ, ವಿವರ, ಮೊತ್ತ, ಸಹಿ ಇರುವ ಚೀಟಿಯೊಂದನ್ನು ಬರೆಸಿಕೊಳ್ಳಿ. ಕದ್ದ ಮಾಲಿನ ಅನುಮಾನ ಬಂದಾಗಲೂ ನಿಮ್ಮನ್ನು ಕಾಯುವುದು ಅದೇ ಚೀಟಿ.

ನಾನು ಸೂಚಿಸುವ ಆರಂಭ ಇಷ್ಟು ಸಣ್ಣದು. ನಿಮ್ಮ ಮತ್ತು ಪರಿಚಿತರ ಕಪಾಟುಗಳಿಂದ 30 ಬಟ್ಟೆಗಳನ್ನು ಆರಿಸಿ, ಸಾಧ್ಯವಾದಷ್ಟು ಒಂದೇ ಬಗೆಯವು: ಹತ್ತಿಯ ಅಂಗಿಗಳು, ಅಥವಾ ಮಕ್ಕಳ ಚಳಿಯುಡುಪು, ಅಥವಾ ಕಚೇರಿಗೆ ಉಡುವಂಥವು. ಒಂದೇ ಬಗೆಯದಾದರೆ ಬೆಲೆಯ ಅಂದಾಜು ಬೇಗ ಬರುತ್ತದೆ, ಒಮ್ಮೆ ಕೊಂಡವರು ಮತ್ತೆ ಹುಡುಕಿಕೊಂಡು ಬರುತ್ತಾರೆ. ಒಂದೊಂದಕ್ಕೂ ಕೊಂಡ ಬೆಲೆ, ತಗುಲಿದ ನಿಮಿಷ, ಮಾರಿದ ದಿನ, ಕೈಗೆ ಉಳಿದ ಹಣ ಇವನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ನಾಲ್ಕು ವಾರದಲ್ಲಿ ಹೋಗದ್ದರ ಬೆಲೆಯನ್ನು ಇಳಿಸಿ, ಎಂಟು ವಾರದಲ್ಲೂ ಹೋಗದ್ದನ್ನು ಗುಡ್ಡೆಯಲ್ಲಿ ಕೊಟ್ಟು ಮುಗಿಸಿ. ಮುಂದಿನ ಋತುವಿಗೆ ಇಡೋಣ ಎಂಬ ಆಸೆಯಿಂದ ಮನೆಯ ಮೂಲೆಯಲ್ಲಿ ಬೆಳೆಯುವ ರಾಶಿಯನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಎಂಟು ವಾರ ಕಳೆದಾಗ 30ರಲ್ಲಿ 20 ಮಾರಾಟವಾಗಿ, ನಿಮ್ಮ ಗಂಟೆಗೆ ನಿಮಗೆ ಒಪ್ಪಿಗೆಯಾಗುವ ಕೂಲಿ ಉಳಿದಿದ್ದರೆ ಸಂಖ್ಯೆಯನ್ನು ಎರಡು ಪಟ್ಟು ಮಾಡಿ. ಉಳಿಯದಿದ್ದರೆ ಬಗೆಯನ್ನು ಬದಲಿಸಿ ಇನ್ನೊಮ್ಮೆ ಪರೀಕ್ಷಿಸುವಷ್ಟು ಉಳಿತಾಯ ನಿಮ್ಮಲ್ಲಿ ಇನ್ನೂ ಇರುತ್ತದೆ.

ವಾರದೊಳಗೆ ಮುಂಗಡ ಕೇಳಿರುವ ಆ ವ್ಯಾಪಾರಿಗೆ ಹೀಗೆ ಹೇಳಿ: ಕಟ್ಟನ್ನು ನನ್ನೆದುರಿಗೆ ಬಿಚ್ಚಿ, ಮೇಲಿನ ಪದರವನ್ನಲ್ಲದೆ ನಡುವಿನಿಂದ ನಾನೇ ಆರಿಸಿದ 20 ಬಟ್ಟೆಗಳನ್ನು ನೋಡಲು ಬಿಡಿ, ಇಲ್ಲವೇ ವಿಂಗಡಿಸಿದ 5 ಕಿಲೋಗ್ರಾಂ ಮಾತ್ರ ಮಾರಿ, ಕಿಲೋಗ್ರಾಂಗೆ ಹೆಚ್ಚು ಬೆಲೆಯಾದರೂ ಕೊಡುತ್ತೇನೆ. ತಮ್ಮ ಸರಕಿನ ಮೇಲೆ ನಂಬಿಕೆಯಿರುವ ಸಗಟುದಾರರಲ್ಲಿ ಹಲವರು ಎರಡನೆಯದಕ್ಕೆ ಒಪ್ಪುತ್ತಾರೆ. ಎರಡಕ್ಕೂ ಒಪ್ಪದೆ, ಬೇರೆ ಗಿರಾಕಿ ಕಾಯುತ್ತಿದ್ದಾರೆ ಎಂದರೆ, ಅದನ್ನು ಅವರಿಗೇ ಕೊಡಲು ಹೇಳಿಬಿಡಿ.